ವಿಷ್ಣುವರ್ಧನನ ‘ಮತಾಂತರ’: ಐತಿಹ್ಯದ ನುಡಿ, ಶಾಸನದ ಸಾಕ್ಷ್ಯ

ಹೊಯ್ಸಳ ದೊರೆ ವಿಷ್ಣುವರ್ಧನನ ಮತಾಂತರದ ಕಥೆಯನ್ನು ಕೇಳದ ಕನ್ನಡಿಗರು ವಿರಳ. ಜೈನನಾಗಿದ್ದ ಬಿಟ್ಟಿದೇವನ ಮಗಳಿಗೆ ಬ್ರಹ್ಮರಾಕ್ಷಸನ ಬಾಧೆ ತಗುಲಿತು. ಆಸ್ಥಾನದ ಜೈನ ಗುರುಗಳಿಂದ ಅದನ್ನು ಬಿಡಿಸಲಾಗಲಿಲ್ಲ. ಚೋಳರ ಕಿರುಕುಳಕ್ಕೆ ಅಂಜಿ ಈ ನಾಡಿಗೆ ಬಂದಿದ್ದ ರಾಮಾನುಜಾಚಾರ್ಯರು ಅದನ್ನು ಬಿಡಿಸಿದರು. ದೊರೆ ಶ್ರೀವೈಷ್ಣವನಾಗಿ ವಿಷ್ಣುವರ್ಧನನೆಂಬ ಹೆಸರು ತಳೆದನು. ವಾದದಲ್ಲಿ ಸೋತ ಜೈನರನ್ನು ಗಾಣಕ್ಕೆ ಹಾಕಿ ಅರೆಸಿದನು. ಶಾಲೆಯ ಪಾಠಗಳಲ್ಲಿ, ಪ್ರವಾಸಿಗರಿಗೆ ಬೇಲೂರು ಹಳೇಬೀಡುಗಳನ್ನು ತೋರಿಸುವವರ ಮಾತಿನಲ್ಲಿ, ನಾಟಕ ಕಾದಂಬರಿಗಳಲ್ಲಿ ಈ ಕಥೆ ಎಷ್ಟು ಬಳಕೆಯಾಗಿದೆಯೆಂದರೆ, ಅದಕ್ಕೆ ಆಧಾರವೇನೆಂದು ಕೇಳುವುದೇ ಅನಾವಶ್ಯಕವೆಂಬ ಭಾವನೆ ಬೇರೂರಿದೆ.

ಆಧಾರವನ್ನು ಕೇಳಲೇಬೇಕು. ಏಕೆಂದರೆ ವಿಷ್ಣುವರ್ಧನನ ಕಾಲ ಆಕರಗಳಿಲ್ಲದ ಕತ್ತಲೆಯ ಕಾಲವಲ್ಲ. ಬಿ. ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಜಿಲ್ಲೆಯ ಸಂಪುಟದಲ್ಲಿಯೂ (1902) ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದ ಶ್ರವಣಬೆಳಗೊಳದ ಸಂಪುಟದಲ್ಲಿಯೂ (1923) ಆ ದೊರೆಯ, ಅವನ ರಾಣಿಯ, ದಂಡನಾಯಕರ ಶಾಸನಗಳು ಹೇರಳವಾಗಿವೆ. ಕಥೆ ಹೇಳುವ ಸಂಗತಿಗಳು ನಡೆದವೆನ್ನುವ ವರ್ಷಗಳಲ್ಲಿಯೇ ಕೆತ್ತಿದ ಕಲ್ಲುಗಳು ನಮ್ಮ ಕಣ್ಣೆದುರಿಗಿವೆ. ಅವುಗಳನ್ನು ಐತಿಹ್ಯದ ಪಕ್ಕದಲ್ಲಿಟ್ಟು ಓದಿದರೆ ಏನು ಉಳಿಯುತ್ತದೆ, ಏನು ಬಿದ್ದುಹೋಗುತ್ತದೆ ಎಂಬುದೇ ಈ ಲೇಖನದ ವಿಚಾರ.

ಐತಿಹ್ಯದ ಎರಡು ಮುಖಗಳು

ಈ ಕಥೆಯನ್ನು ಎರಡು ಪರಂಪರೆಗಳು ಕಾಪಾಡಿಕೊಂಡು ಬಂದಿವೆ. ಮೊದಲನೆಯದು ಶ್ರೀವೈಷ್ಣವರ ಗುರುಪರಂಪರಾ ಗ್ರಂಥಗಳದು. ಇವು ಆಚಾರ್ಯರ ಚರಿತ್ರೆಯನ್ನು ಭಕ್ತರಿಗಾಗಿ ಹೇಳುವ ಕೃತಿಗಳು; ರಾಮಾನುಜರ ಕಾಲಕ್ಕಿಂತ ಈಚಿನವು. ತೊಂಡನೂರಿನಲ್ಲಿ ಹನ್ನೆರಡು ಸಾವಿರ ಜೈನರು ಏಕಕಾಲಕ್ಕೆ ಪ್ರಶ್ನೆ ಕೇಳಲು, ಆಚಾರ್ಯರು ತೆರೆಯ ಮರೆಯಲ್ಲಿ ಆದಿಶೇಷನ ರೂಪ ತಾಳಿ ಸಾವಿರ ಬಾಯಿಗಳಿಂದ ಉತ್ತರಿಸಿದರೆಂಬ ಪ್ರಸಂಗ ಆ ಪರಂಪರೆಯದು. ಎರಡನೆಯದು ನಮ್ಮದೇ ಜೈನರ ಸ್ಥಳಪುರಾಣ ಪರಂಪರೆ. ಅದರ ಪ್ರಕಾರ ಮತ ಬದಲಿಸಿದ ದೊರೆ ಏಳುನೂರಕ್ಕೂ ಹೆಚ್ಚು ಬಸದಿಗಳನ್ನು ಕೆಡವಿಸಿದನು. ಆ ಪಾಪಕ್ಕೆ ಅಡಗೂರಿನ ಬಳಿ ಭೂಮಿ ಬಾಯ್ದೆರೆಯಿತು. ಕೊನೆಗೆ ಬೆಳಗೊಳದ ಚಾರುಕೀರ್ತಿ ಸ್ವಾಮಿಗಳ ಮೊರೆಹೊಕ್ಕ ಮೇಲೆ ಆ ಬಿರುಕು ಮುಚ್ಚಿತು.

ಇವೆರಡೂ ಒಂದನ್ನೊಂದು ವಿರೋಧಿಸುವ ಪಂಥಗಳ ಕಥೆಗಳು. ಆದರೂ ಮೂಲ ಸಂಗತಿಯಲ್ಲಿ ಇವು ಒಂದೇ ಮಾತನ್ನಾಡುತ್ತವೆ: ದೊರೆ ಜೈನಧರ್ಮವನ್ನು ತೊರೆದನು, ಜೈನರನ್ನು ದಂಡಿಸಿದನು. ಪರಸ್ಪರ ವಿರೋಧಿಗಳಾದ ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ಅದು ನಿಜವಿರಬೇಕೆಂದು ತೋರುವುದು ಸಹಜ. ಆದರೆ ಇಬ್ಬರೂ ಘಟನೆಯನ್ನು ಕಂಡವರಲ್ಲ. ಒಬ್ಬರಿಗೆ ಈ ಕಥೆಯಿಂದ ಆಚಾರ್ಯರ ಮಹಿಮೆ ಬೆಳೆಯುತ್ತದೆ. ಇನ್ನೊಬ್ಬರಿಗೆ ಕ್ಷೇತ್ರದ ಹಾಗೂ ಗುರುಪೀಠದ ಮಹಿಮೆ ಬೆಳೆಯುತ್ತದೆ. ಒಂದೇ ಕಥೆಯನ್ನು ತಮ್ಮ ತಮ್ಮ ಪ್ರಯೋಜನಕ್ಕೆ ಒಗ್ಗಿಸಿಕೊಂಡವರನ್ನು ಸ್ವತಂತ್ರ ಸಾಕ್ಷಿಗಳೆಂದು ಎಣಿಸಲಾಗದು.

ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲಿ ಆಶಯಗಳ ಪುನರಾವೃತ್ತಿಯನ್ನೂ ಗಮನಿಸಬೇಕು. ರಾಜಕುಮಾರಿಯನ್ನು ಹಿಡಿದ ಬ್ರಹ್ಮರಾಕ್ಷಸನನ್ನು ಬಿಡಿಸುವ ಪ್ರಸಂಗ ರಾಮಾನುಜರ ಚರಿತ್ರೆಗಳಲ್ಲಿ ಮೊದಲೇ, ಅವರು ಕಾಂಚಿಯಲ್ಲಿ ಯಾದವಪ್ರಕಾಶರ ಶಿಷ್ಯರಾಗಿದ್ದಾಗಲೇ, ಒಮ್ಮೆ ಬರುತ್ತದೆ. ಅಲ್ಲಿ ಸೋಲುವವರು ಯಾದವಪ್ರಕಾಶರು. ಇಲ್ಲಿ ಸೋಲುವವರು ಜೈನರು. ಅತ್ತ ತಮಿಳುನಾಡಿನ ಶೈವ ಪರಂಪರೆಯಲ್ಲಿ, ಸಮಣರು ವಾಸಿಮಾಡಲಾರದ ಪಾಂಡ್ಯರಾಜನ ಜ್ವರವನ್ನು ಜ್ಞಾನಸಂಬಂಧರು ಗುಣಪಡಿಸುತ್ತಾರೆ. ವಾದದಲ್ಲಿ ಸೋತ ಎಂಟು ಸಾವಿರ ಸಮಣರು ಶೂಲಕ್ಕೇರುತ್ತಾರೆ. ರೋಗ, ಜೈನರ ಸೋಲು, ಪವಾಡದ ಗುಣ, ರಾಜನ ಮತಾಂತರ, ಸಾವಿರಗಳ ಲೆಕ್ಕದಲ್ಲಿ ದಂಡನೆ: ಹಂದರವೆಲ್ಲ ಒಂದೇ. ಶೂಲದ ಸ್ಥಾನದಲ್ಲಿ ಗಾಣ ಬಂದಿದೆ. ಕಾಲದೇಶಗಳಲ್ಲಿ ದೂರವಿರುವ ಕಥೆಗಳಿಗೆ ಒಂದೇ ಹಂದರವಿದ್ದರೆ, ಅದು ಸಂಚಾರಿ ಆಶಯವೆಂದು ಶಂಕಿಸುವುದು ಪಠ್ಯವಿಮರ್ಶೆಯ ಪ್ರಾಥಮಿಕ ಪಾಠ.

ಹೆಸರು ಮತ್ತು ಕಾಲ

ಬಿಟ್ಟಿದೇವನೆಂಬುದು ಜೈನ ಹೆಸರು, ವಿಷ್ಣುವರ್ಧನನೆಂಬುದು ಮತಾಂತರದ ತರುವಾಯದ ವೈಷ್ಣವ ಹೆಸರು ಎಂಬುದು ಈ ಕಥೆಯ ಮುಖ್ಯ ಆಧಾರಗಳಲ್ಲೊಂದು. ಭಾಷಾದೃಷ್ಟಿಯಿಂದಲೇ ಇದು ನಿಲ್ಲುವುದಿಲ್ಲ. ‘ಬಿಟ್ಟಿ’ ಎಂಬುದು ‘ವಿಷ್ಣು’ ಶಬ್ದದ ತದ್ಭವ. ಒಂದು ದೇಸಿ ರೂಪ, ಇನ್ನೊಂದು ಸಂಸ್ಕೃತ ರೂಪ. ಹೆಸರು ಎರಡಲ್ಲ, ಒಂದೇ. ಬಿಟ್ಟಿಗ, ಬಿಟ್ಟಿದೇವ ಎಂಬ ರೂಪಗಳು 1117ರ ನಂತರದ ಶಾಸನಗಳಲ್ಲಿಯೂ ಬರುತ್ತವೆ. ವಿಷ್ಣುವರ್ಧನ ಎಂಬ ಹೆಸರಾದರೂ ಹೊಯ್ಸಳರು ಹೊಸದಾಗಿ ಕಂಡುಹಿಡಿದದ್ದಲ್ಲ. ವೆಂಗಿಯ ಪೂರ್ವಚಾಲುಕ್ಯರಲ್ಲಿ ಏಳನೆಯ ಶತಮಾನದ ಕುಬ್ಜ ವಿಷ್ಣುವರ್ಧನನಿಂದ ಮೊದಲ್ಗೊಂಡು ಹಲವು ದೊರೆಗಳು ಅದನ್ನು ಧರಿಸಿದ್ದರು.

ಕಾಲದ ಲೆಕ್ಕವೂ ಹೊಂದುವುದಿಲ್ಲ. ಗುರುಪರಂಪರೆಯ ಕಥಾಕ್ರಮದಲ್ಲಿ ದೊರೆಯ ಮತಾಂತರ ಮೊದಲು, ಮೇಲುಕೋಟೆಯ ತಿರುನಾರಾಯಣನ ಪ್ರತಿಷ್ಠೆ ಅನಂತರ. ಆ ಪ್ರತಿಷ್ಠೆಯನ್ನು ಸಂಪ್ರದಾಯ ಬಹುಧಾನ್ಯ ಸಂವತ್ಸರಕ್ಕೆ ಸೇರಿಸುತ್ತದೆ; ಅದು 1098-99. ವಿಷ್ಣುವರ್ಧನನು ಪಟ್ಟಕ್ಕೆ ಬಂದದ್ದು 1108ರ ಸುಮಾರಿಗೆ. ಅವನಿಗೆ ಮುನ್ನ ಅವನ ತಂದೆ ಎರೆಯಂಗನೂ ಅಣ್ಣ ಒಂದನೆಯ ಬಲ್ಲಾಳನೂ ಆಳಿದ್ದಾರೆ. ಸಂಪ್ರದಾಯದ ವರ್ಷವನ್ನು ಒಪ್ಪಿದರೆ ಮತಾಂತರದ ಕಾಲಕ್ಕೆ ಅವನು ದೊರೆಯಲ್ಲ. ದೊರೆಯಾಗಿದ್ದನೆಂದು ಒಪ್ಪಿದರೆ ಸಂಪ್ರದಾಯದ ವರ್ಷ ನಿಲ್ಲುವುದಿಲ್ಲ. ಇದನ್ನರಿತ ಕೆಲವರು ಮತಾಂತರವನ್ನು ಬೇಲೂರಿನ ದೇವಾಲಯ ಪ್ರತಿಷ್ಠೆಯ ವರ್ಷವಾದ 1117ಕ್ಕೆ ತಂದು ಕೂರಿಸುತ್ತಾರೆ. ಇದು ಆಕರದಿಂದ ಹೊರಟ ನಿರ್ಣಯವಲ್ಲ; ಕಥೆಯನ್ನು ಉಳಿಸಿಕೊಳ್ಳಲು ಮಾಡಿದ ಹೊಂದಾಣಿಕೆ.

1117ರ ನಂತರದ ಕಲ್ಲುಗಳು

ಶಕ 1039ರ ಹೇವಿಳಂಬಿ ಸಂವತ್ಸರದಲ್ಲಿ, ಅಂದರೆ 1117ರಲ್ಲಿ, ವಿಷ್ಣುವರ್ಧನನು ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠೆ ಮಾಡಿಸಿದನೆಂಬುದು ಶಾಸನಸಿದ್ಧ. ಅದಕ್ಕೆ ತುಸು ಮುನ್ನ ಚೋಳರಿಂದ ತಲಕಾಡನ್ನು ಗೆದ್ದು ‘ತಲಕಾಡುಗೊಂಡ’ನೆನಿಸಿದ್ದನು. ದೇವರ ಹೆಸರಿನಲ್ಲಿಯೇ ವಿಜಯವಿದೆ. ಆದ್ದರಿಂದ ಅವನು ವಿಷ್ಣುಭಕ್ತಿಯನ್ನು ಉದಾರವಾಗಿ ಪೋಷಿಸಿದನೆಂಬುದರಲ್ಲಿ ವಿವಾದವಿಲ್ಲ. ಆದರೆ ಅವನ ಕಾಲದ ಯಾವ ಶಾಸನವೂ ಅವನನ್ನು ರಾಮಾನುಜರ ಶಿಷ್ಯನೆಂದು ಹೇಳುವುದಿಲ್ಲ. ಮತಾಂತರದ ಮಾತನ್ನೂ ಎತ್ತುವುದಿಲ್ಲ. ಇನ್ನು, ಆ ವರ್ಷದ ತರುವಾಯ ಜೈನರ ಸ್ಥಿತಿ ಏನಾಯಿತು?

1117ರಲ್ಲಿಯೇ ದಂಡನಾಯಕ ಪುಣಿಸಮಯ್ಯನು ಇಂದಿನ ಚಾಮರಾಜನಗರವಾದ ಅರಕೊಠಾರದಲ್ಲಿ ಬಸದಿ ಕಟ್ಟಿಸಿದನು. ತಲಕಾಡನ್ನು ದೊರೆಗೆ ಗೆದ್ದುಕೊಟ್ಟ ಮಹಾಪ್ರಧಾನ ದಂಡನಾಯಕ ಗಂಗರಾಜನು ಪರಮಜೈನ. ಅವನು ಗೊಮ್ಮಟೇಶ್ವರನ ಸುತ್ತ ಸುತ್ತಾಲಯವನ್ನು ಕಟ್ಟಿಸಿದನು. ಗಂಗವಾಡಿಯ ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿದನು. ಕಣ್ಣೇಗಾಲದಲ್ಲಿ ಚಾಲುಕ್ಯರ ಸೇನೆಯನ್ನು ಅವನು ಸೋಲಿಸಿದಾಗ ಮೆಚ್ಚಿದ ದೊರೆ ಬೇಕಾದುದನ್ನು ಬೇಡೆಂದನು. ಗಂಗರಾಜನು ಬೇಡಿದ್ದು ಪರಮ ಎಂಬ ಗ್ರಾಮವನ್ನು. ಪಡೆದ ಗ್ರಾಮವನ್ನು ತನ್ನ ತಾಯಿ ಪೋಚಿಕಬ್ಬೆಯೂ ಪತ್ನಿ ಲಕ್ಷ್ಮಿಯೂ ಮಾಡಿಸಿದ ಜಿನಾಲಯಗಳಿಗೆ ಬಿಟ್ಟುಕೊಟ್ಟನು. ಈ ದತ್ತಿಯ ವರ್ಷ 1118. ಎಂದರೆ ಮತಾಂತರವೆನ್ನುವ ವರ್ಷದ ಮರುವರ್ಷ.

1123ರಲ್ಲಿ ಪಟ್ಟದ ರಾಣಿ ಶಾಂತಲಾದೇವಿ ಚಂದ್ರಗಿರಿಯ ಮೇಲೆ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ ಶಾಂತಿನಾಥನನ್ನು ಪ್ರತಿಷ್ಠಾಪಿಸಿದಳು. ತನ್ನ ಗುರು ಪ್ರಭಾಚಂದ್ರ ಸಿದ್ಧಾಂತದೇವರಿಗೆ ಮೊಟ್ಟೆನವಿಲೆ ಗ್ರಾಮವನ್ನು ದಾನ ಮಾಡಿದಳು. ಆ ದಾನ ವಿಷ್ಣುವರ್ಧನನ ಒಪ್ಪಿಗೆಯಿಂದ ನಡೆಯಿತೆಂಬುದು ಶಾಸನದಿಂದ ತಿಳಿಯುತ್ತದೆ. 1125ರಲ್ಲಿ ದೊರೆ ತಾನೇ ಶ್ರೀಪಾಲ ತ್ರೈವಿದ್ಯರೆಂಬ ಜೈನಾಚಾರ್ಯರಿಗೆ ದಾನವಿತ್ತನು.

ಇವೆಲ್ಲಕ್ಕಿಂತ ಮಿಗಿಲಾದುದು ಹಳೇಬೀಡಿನ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯ ಶಾಸನ. ಗಂಗರಾಜನು ತೀರಿಕೊಂಡ ಮೇಲೆ ಅವನ ಮಗ ಬೊಪ್ಪನು ತಂದೆಯ ನೆನಪಿಗೆ ರಾಜಧಾನಿ ದೋರಸಮುದ್ರದಲ್ಲಿಯೇ ದ್ರೋಹಘರಟ್ಟ ಜಿನಾಲಯವನ್ನು ಕಟ್ಟಿಸಿದನು. ದ್ರೋಹಘರಟ್ಟ ಎಂಬುದು ಗಂಗರಾಜನ ಬಿರುದು. 1133ರಲ್ಲಿ ಪ್ರತಿಷ್ಠೆಯಾದ ಬಳಿಕ ಅಲ್ಲಿಯ ಇಂದ್ರರು, ಎಂದರೆ ಜೈನ ಅರ್ಚಕರು, ದೇವರ ಶೇಷೆಯನ್ನು ಹಿಡಿದು ಬಂಕಾಪುರದಲ್ಲಿದ್ದ ದೊರೆಯ ಬಳಿಗೆ ಹೋದರು. ಆ ಸಮಯಕ್ಕೆ ಸರಿಯಾಗಿ ದೊರೆ ಮಸಣನೆಂಬ ಶತ್ರುವನ್ನು ಗೆದ್ದಿದ್ದನು. ರಾಣಿ ಲಕ್ಷ್ಮೀದೇವಿ ಗಂಡುಮಗುವನ್ನು ಹೆತ್ತಿದ್ದಳು. ದೊರೆ ಎದ್ದು ಬಂದು ಇಂದ್ರರನ್ನು ಎದುರ್ಗೊಂಡು ಶೇಷೆಯನ್ನು ತಲೆಗೆ ಧರಿಸಿದನು. ಈ ದೇವರ ಪ್ರತಿಷ್ಠೆಯ ಫಲವಾಗಿ ತನಗೆ ವಿಜಯವೂ ಪುತ್ರೋತ್ಸವವೂ ಒದಗಿದವೆಂದು ಭಾವಿಸಿ ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ಜಾವಗಲ್ಲನ್ನು ಬಸದಿಗೆ ದತ್ತಿಯಾಗಿ ಬಿಟ್ಟನು.

ಮಗನ ಹೆಸರನ್ನು ತೀರ್ಥಂಕರನ ಹೆಸರಿನೊಂದಿಗೆ ಜೋಡಿಸಿಕೊಂಡ ಈ ದೊರೆ ಹದಿನಾರು ವರ್ಷಗಳ ಹಿಂದೆ ಜೈನರನ್ನು ಗಾಣಕ್ಕೆ ಹಾಕಿಸಿದನೆಂದು ನಂಬುವುದು ಕಷ್ಟ. ಬಸದಿಗಳನ್ನು ಕೆಡವಿಸಿದನೆಂದು ಹೇಳುವ ಊರಿನಲ್ಲಿಯೇ, ಅವನ ಆಳ್ವಿಕೆಯಲ್ಲಿಯೇ, ಅವನ ದತ್ತಿಯೊಡನೆ ಈ ಬಸದಿ ಎದ್ದಿತು, ಇಂದಿಗೂ ನಿಂತಿದೆ.

ಶಾಸನವನ್ನು ಎಷ್ಟರಮಟ್ಟಿಗೆ ನಂಬಬೇಕು?

ಇಲ್ಲಿ ಸಂಶೋಧಕರು ಎರಡು ಎಚ್ಚರಗಳನ್ನು ವಹಿಸಬೇಕು.

ಮೊದಲನೆಯದು: ಶಾಸನವೂ ಯಾರೋ ಯಾವುದೋ ಉದ್ದೇಶಕ್ಕಾಗಿ ಬರೆಸಿದ ಪಠ್ಯ. ಬಸ್ತಿಹಳ್ಳಿಯ ಶಾಸನ ಜೈನರ ಕಡೆಯದು; ದೊರೆಯ ಭಕ್ತಿಯನ್ನು ಅದು ತುಸು ಹಿಗ್ಗಿಸಿ ಹೇಳಿರಬಹುದು. ವಿಷ್ಣುವರ್ಧನನಿಗೆ ಬರುವ ‘ಸಮ್ಯಕ್ತ್ವಚೂಡಾಮಣಿ’ ಎಂಬ ಬಿರುದನ್ನು ಹಿಡಿದು ಅವನು ಕಡೆಯವರೆಗೂ ಜೈನನಾಗಿದ್ದನೆಂದು ವಾದಿಸುವವರಿದ್ದಾರೆ. ಆದರೆ ಅದು ಪ್ರಶಸ್ತಿಯ ಸಿದ್ಧ ಸಾಲಿನಲ್ಲಿ ಬರುವ ಬಿರುದು. ಲಿಪಿಕಾರರು ಹಿಂದಿನಿಂದ ಬಂದ ಬಿರುದಾವಳಿಯನ್ನು ಹಾಗೆಯೇ ಉದ್ಧರಿಸುತ್ತಿದ್ದರು. ಅದರಿಂದ ಅರಸನ ಅಂತರಂಗದ ನಂಬಿಕೆಯನ್ನು ನಿರ್ಧರಿಸಲಾಗದು. ಹೊಗಳಿಕೆಯ ಮಾತನ್ನೂ ದತ್ತಿಯ ಮಾತನ್ನೂ ಬೇರ್ಪಡಿಸಿ ಓದಬೇಕು. ಗ್ರಾಮದ ಹೆಸರು, ಪಡೆದವರ ಹೆಸರು, ತಿಥಿ ಇವು ಹಕ್ಕಿನ ದಾಖಲೆಗಳು. ಇಲ್ಲದ ದತ್ತಿಯನ್ನು ರಾಜಧಾನಿಯಲ್ಲಿ, ದೊರೆ ಬದುಕಿರುವಾಗಲೇ ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸುವುದು ಸುಲಭವಲ್ಲ. ಅದಕ್ಕಾಗಿ ಹೊಗಳಿಕೆಗಿಂತ ದತ್ತಿಗೆ ಹೆಚ್ಚಿನ ತೂಕ.

ಎರಡನೆಯದು: ಶಾಸನಗಳ ಮೌನ. ರಾಮಾನುಜರ ಹೆಸರು ದೊರೆಯ ಶಾಸನಗಳಲ್ಲಿಲ್ಲವೆಂದ ಮಾತ್ರಕ್ಕೆ ಅವರು ಈ ನಾಡಿಗೆ ಬಂದಿರಲೇ ಇಲ್ಲವೆಂದು ಹೇಳುವಂತಿಲ್ಲ. ತೊಂಡನೂರು ಮೇಲುಕೋಟೆಗಳ ಶ್ರೀವೈಷ್ಣವ ಪರಂಪರೆ ಗಟ್ಟಿಯಾದುದು. ಮೌನವು ಸಾಕ್ಷ್ಯವಾಗುವುದು, ಮಾತಾಡಲೇಬೇಕಾದ ಸಂದರ್ಭದಲ್ಲಿ ಆಕರವು ಮೌನವಾಗಿದ್ದಾಗ ಮಾತ್ರ. ಹಾಗಾದರೆ ಜೈನರ ಮೇಲಿನ ಹಿಂಸೆ ಅಂಥ ಸಂದರ್ಭವೇ?

ಅಬ್ಬಲೂರಿನ ಸೋಮೇಶ್ವರ ದೇವಾಲಯದ ಶಾಸನ ಇದಕ್ಕೆ ಉತ್ತರ ಕೊಡುತ್ತದೆ. 1200ರ ಸುಮಾರಿನ ಆ ಶಾಸನ ಏಕಾಂತದ ರಾಮಯ್ಯನು ಜೈನರೊಡನೆ ಪಂಥ ಕಟ್ಟಿ, ತಲೆಯನ್ನರಿದು ಶಿವನಿಗರ್ಪಿಸಿ, ಏಳು ದಿನಗಳ ಮೇಲೆ ಅದನ್ನು ಮರಳಿ ಪಡೆದು, ಜಿನಬಿಂಬವನ್ನು ಒಡೆದನೆಂದು ಅಭಿಮಾನದಿಂದ ಹೇಳುತ್ತದೆ. ಬಿಜ್ಜಳನು ಅವನಿಗೆ ಜಯಪತ್ರ ಕೊಟ್ಟನೆಂದೂ ಹೇಳುತ್ತದೆ. ಅಲ್ಲಿಯ ಶಿಲ್ಪಫಲಕಗಳಲ್ಲಿಯೂ ಈ ಪ್ರಸಂಗವಿದೆ. ಈ ಶಾಸನದಿಂದ ಎರಡು ಪಾಠಗಳಿವೆ. ಕಲ್ಲಿನ ಮೇಲಿದ್ದರೂ ತಲೆ ಮರಳಿ ಬಂದ ಮಾತು ಐತಿಹ್ಯವೇ. ಪ್ರಾಥಮಿಕ ಆಕರದಲ್ಲಿರುವುದೆಲ್ಲ ಸಂಗತಿಯಾಗುವುದಿಲ್ಲ. ಹಾಗೆಯೇ, ಗೆದ್ದವರು ಜಿನಬಿಂಬ ಒಡೆದುದನ್ನು ಮುಚ್ಚಿಡುತ್ತಿರಲಿಲ್ಲ, ಹೆಮ್ಮೆಯಿಂದ ಕೆತ್ತಿಸುತ್ತಿದ್ದರು. ಸೋತವರೂ ಸುಮ್ಮನಿರುತ್ತಿರಲಿಲ್ಲ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾದಾಗ ಜೈನರು ವಿಜಯನಗರದ ಬುಕ್ಕರಾಯನಿಗೆ ದೂರಿತ್ತರು. ಅವನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ವಾದ್ಯ ಕಲಶಗಳ ಹಕ್ಕನ್ನು ಎತ್ತಿಹಿಡಿದನು. ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ತಿರುಮಲೆಯ ತಾತಯ್ಯನ ಮೂಲಕವೇ ನೇಮಿಸುವ ಏರ್ಪಾಡು ಮಾಡಿದನು. ಆ ಶಾಸನ ಶ್ರವಣಬೆಳಗೊಳದಲ್ಲಿದೆ. ಇಂಥ ಸಂಘರ್ಷಗಳು ಕಲ್ಲಿನಲ್ಲಿ ಉಳಿದಿರುವಾಗ, ಸಾವಿರಾರು ಜೈನರ ಹತ್ಯೆಯಾಗಿದ್ದರೆ ಅದು ವೈಷ್ಣವ, ಶೈವ, ಜೈನ ಶಾಸನಗಳಲ್ಲಿ ಒಂದರಲ್ಲಿಯೂ ಕಾಣದಿರುವುದು ಅರ್ಥಪೂರ್ಣವಾದ ಮೌನ.

ಪ್ರಾಯಶಃ ಹದಿಮೂರು ಹದಿನಾಲ್ಕನೆಯ ಶತಮಾನಗಳ ಇಂಥ ಕಲಹಗಳ ನೆನಪೇ ಹಿಂದಕ್ಕೆ ಸರಿದು, ಪ್ರಸಿದ್ಧನಾದ ಒಬ್ಬ ದೊರೆಯ ಹೆಸರಿಗೆ ಅಂಟಿಕೊಂಡಿರಬೇಕು. ಇದು ಊಹೆ; ಊಹೆಯೆಂದೇ ಇದನ್ನು ಸ್ವೀಕರಿಸಬೇಕು. ಆದರೆ ಐತಿಹ್ಯಗಳು ಬೆಳೆಯುವ ಬಗೆಗೆ ಇದು ಒಪ್ಪುತ್ತದೆ.

ಶಾಂತಲೆಯ ವಿಚಾರ

ಈ ಕಥೆಯ ನೆರಳಿನಲ್ಲಿಯೇ ಇನ್ನೊಂದು ಕಥೆ ಬೆಳೆದಿದೆ. ಗಂಡ ವೈಷ್ಣವ, ಹೆಂಡತಿ ಜೈನೆ, ಮಕ್ಕಳಿಲ್ಲದ ಕೊರಗು, ದೊರೆಗೆ ಉತ್ತರಾಧಿಕಾರಿ ಹುಟ್ಟಲೆಂದು ಶಾಂತಲೆ ಶಿವಗಂಗೆಯ ಬೆಟ್ಟದಿಂದ ಬಿದ್ದು ಪ್ರಾಣ ಬಿಟ್ಟಳು ಎಂಬ ಕಥೆ. ಶಿವಗಂಗೆಯಲ್ಲಿ ಆ ಸ್ಥಳವನ್ನು ಇಂದಿಗೂ ತೋರಿಸುತ್ತಾರೆ.

ಶಾಸನದಿಂದ ತಿಳಿಯುವುದು ಇಷ್ಟು: 1131ರಲ್ಲಿ ಶಾಂತಲಾದೇವಿ ಶಿವಗಂಗೆಯ ತೀರ್ಥದಲ್ಲಿ ದೇಹ ಬಿಟ್ಟು ಸ್ವರ್ಗಸ್ಥಳಾದಳು. ಹೇಗೆಂಬುದನ್ನು ಅದು ಹೇಳುವುದಿಲ್ಲ. ಅದೇ ಶಾಸನ ಅವಳ ತಾಯಿ ಮಾಚಿಕಬ್ಬೆ ಮಗಳ ಅಗಲಿಕೆಯಿಂದ ನೊಂದು, ಬೆಳಗೊಳಕ್ಕೆ ಬಂದು, ಗುರುಗಳ ಸನ್ನಿಧಿಯಲ್ಲಿ ಒಂದು ತಿಂಗಳು ಅನಶನವ್ರತದಲ್ಲಿದ್ದು ಸಲ್ಲೇಖನದಿಂದ ಮುಡಿಪಿದುದನ್ನು ವಿವರವಾಗಿ ಹೇಳುತ್ತದೆ. ಬೆಟ್ಟದಿಂದ ಬಿದ್ದ ಕಥೆಗೆ ಅಲ್ಲಿ ಯಾವ ಎಡೆಯೂ ಇಲ್ಲ. ಮಗಳು ತೀರಿಕೊಂಡದ್ದು ಶೈವಕ್ಷೇತ್ರದಲ್ಲಿ. ಅವಳ ತಂದೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಜಿನಭಕ್ತೆ. ಬೇಲೂರಿನ ದೇವಾಲಯದ ಆವರಣದಲ್ಲಿ ಕಪ್ಪೆ ಚೆನ್ನಿಗರಾಯನೆಂದು ಇಂದು ಹೆಸರಾಗಿರುವ ವಿಷ್ಣುಮೂರ್ತಿಯನ್ನು ಪ್ರತಿಷ್ಠೆ ಮಾಡಿಸಿದವಳೂ ಅವಳೇ. ದೊರೆಯ ಹೆಸರಿನ ಹೊಯ್ಸಳೇಶ್ವರ ಶಿವಾಲಯವನ್ನು ಕೇತಮಲ್ಲನು ಕಟ್ಟಿಸಿದ್ದು 1121ರ ಸುಮಾರಿನಲ್ಲಿ, ಈ ಅವಧಿಯಲ್ಲಿಯೇ. ಒಂದೇ ಮನೆಯೊಳಗೆ, ಒಂದೇ ಆಸ್ಥಾನದೊಳಗೆ ಮೂರು ಭಕ್ತಿಗಳು ಒಟ್ಟಿಗೆ ಬಾಳಿದ ಕಾಲವದು. ‘ಮತಾಂತರ’ ಎಂಬ ಇಂದಿನ ಶಬ್ದವನ್ನು ಆ ಬದುಕಿನ ಮೇಲೆ ಹೇರಿದಾಗ ಗಂಡಹೆಂಡಿರ ನಡುವೆ ಇಲ್ಲದ ಬಿರುಕೊಂದು ಕಾಣತೊಡಗುತ್ತದೆ.

ಕಥೆಯಿಂದಾದ ನಷ್ಟ

ಐತಿಹ್ಯವನ್ನು ಎಸೆಯಬೇಕೆಂದು ನಾನು ಹೇಳುತ್ತಿಲ್ಲ. ಹಿಂದಿನವರು ತಮ್ಮ ಗತಕಾಲವನ್ನು ಹೇಗೆ ಅರ್ಥಮಾಡಿಕೊಂಡರೆಂಬುದಕ್ಕೆ ಐತಿಹ್ಯವೇ ಆಕರ. ಗುರುಪರಂಪರೆಯನ್ನೂ ಸ್ಥಳಪುರಾಣವನ್ನೂ ಅವು ಹುಟ್ಟಿದ ಕಾಲದ ಮನಸ್ಸಿಗೆ ಸಾಕ್ಷಿಯಾಗಿ ಓದಬೇಕು. ಹನ್ನೆರಡನೆಯ ಶತಮಾನದ ಘಟನೆಗಳಿಗೆ ಸಾಕ್ಷಿಯಾಗಿ ಓದಬಾರದು, ಅಷ್ಟೆ.

ಜೈನ ಸಮಾಜದಲ್ಲಿ ಈ ಮಾತನ್ನಾಡಿದಾಗ, ನಮ್ಮವರು ಪಟ್ಟ ನೋವನ್ನು ನಾವೇ ಅಲ್ಲಗಳೆದಂತಾಗುವುದಿಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಆಧಾರವಿರುವ ನೋವನ್ನು ಅಲ್ಲಗಳೆಯುವಂತಿಲ್ಲ. ಅಬ್ಬಲೂರಿನ ಶಾಸನವಿದೆ, 1368ರ ಶಾಸನವಿದೆ. ಅವುಗಳನ್ನು ಓದೋಣ, ಓದಿಸೋಣ. ಗಾಣದ ಕಥೆಯನ್ನು ಅವುಗಳ ಪಕ್ಕದಲ್ಲಿಟ್ಟರೆ ಆ ನಿಜವಾದ ದಾಖಲೆಗಳ ಬೆಲೆಯೂ ಕುಗ್ಗುತ್ತದೆ.

ಈ ಕಥೆಯಿಂದ ಜೈನರಿಗಾದ ನಷ್ಟ ಇನ್ನೂ ದೊಡ್ಡದು. 1117ರಲ್ಲಿ ಜೈನರ ಕಾಲ ಮುಗಿಯಿತೆಂದು ನಂಬಿದವನ ಕಣ್ಣಿಗೆ ಅದರ ಮುಂದಿನದೇನೂ ಬೀಳುವುದಿಲ್ಲ. ಗಂಗರಾಜನ ಜೀರ್ಣೋದ್ಧಾರಗಳು, ಪೋಚಿಕಬ್ಬೆ ಲಕ್ಷ್ಮಿಯರ ಬಸದಿಗಳು, ಶಾಂತಲೆಯ ದಾನ, ಬೊಪ್ಪನ ಜಿನಾಲಯ ಎಲ್ಲವೂ ಅಡಿಟಿಪ್ಪಣಿಗಳಾಗುತ್ತವೆ. ವಿಷ್ಣುವರ್ಧನನ ಮಗ ನರಸಿಂಹನ ಕಾಲದಲ್ಲಿ ಭಂಡಾರಿ ಹುಳ್ಳನು 1159ರಲ್ಲಿ ಬೆಳಗೊಳದಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರ ಬಸದಿಯನ್ನು ಕಟ್ಟಿಸಿದ್ದು, ಇಮ್ಮಡಿ ಬಲ್ಲಾಳನ ಮಂತ್ರಿ ಚಂದ್ರಮೌಳಿಯ ಪತ್ನಿ ಆಚಿಯಕ್ಕ 1181ರಲ್ಲಿ ಅಕ್ಕನ ಬಸದಿಯನ್ನು ಕಟ್ಟಿಸಿದ್ದು ವಿವರಣೆಯಿಲ್ಲದ ಅಪವಾದಗಳಾಗುತ್ತವೆ. ಚಂದ್ರಮೌಳಿ ಶೈವ, ಪತ್ನಿ ಜೈನೆ. ರಾಜ್ಯವನ್ನು ಗೆದ್ದುಕೊಟ್ಟು, ರಾಜಧಾನಿಯಲ್ಲಿ ಬಸದಿ ಕಟ್ಟಿ, ದೊರೆಯ ಮಗನ ಹೆಸರಿನೊಂದಿಗೆ ತಮ್ಮ ತೀರ್ಥಂಕರನ ಹೆಸರನ್ನು ಸೇರಿಸಿದ ಒಂದು ಸಮುದಾಯ, ಕಥೆಯಲ್ಲಿ ವಾದ ಸೋತು ಗಾಣಕ್ಕೆ ಬಿದ್ದ ಹೆಸರಿಲ್ಲದ ಹನ್ನೆರಡು ಸಾವಿರವಾಗಿ ಉಳಿದುಬಿಟ್ಟಿದೆ.

ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗಳಿಗೆ ನನ್ನ ಸೂಚನೆ ಸರಳವಾದುದು. ಯಾವ ಕಥೆಯನ್ನು ಕೇಳಿದರೂ, ಇದು ಮೊದಲು ಎಲ್ಲಿ, ಯಾವಾಗ, ಯಾರಿಗಾಗಿ ಬರೆಯಲ್ಪಟ್ಟಿತೆಂದು ಕೇಳಿ. ಆ ಬಳಿಕ ಘಟನೆಯ ಕಾಲದ ಆಕರ ಯಾವುದಿದೆಯೆಂದು ಹುಡುಕಿ, ಅನುವಾದವನ್ನು ನೆಚ್ಚದೆ ಮೂಲಪಾಠವನ್ನೇ ಓದಿ. ನಿಮ್ಮ ಮತಕ್ಕೆ, ಮನೆತನಕ್ಕೆ, ಊರಿಗೆ ಪ್ರಿಯವಾದ ಕಥೆಯಾದರೆ ಇನ್ನಷ್ಟು ನಿಷ್ಠುರವಾಗಿ ಕೇಳಿ. ವಿಷ್ಣುವರ್ಧನನ ವಿಷಯದಲ್ಲಿ ಹಾಗೆ ಕೇಳಿದವರಿಗೆ ಬಸ್ತಿಹಳ್ಳಿಯ ಕಲ್ಲು ಉತ್ತರ ಕೊಡುತ್ತದೆ. ಅದು ಅಲ್ಲಿಯೇ ಇದೆ, ಹೋಗಿ ಓದಬಹುದು.